ಹಿತ್ತಾಳೆ ಮುಂದೆ, ಕಬ್ಬಿಣ ಹಿಂದೆ

ಭೀಮಕ್ಕನದು ಬಾಯಿ ಜೋರು ಎಂದು ಕೊಪ್ಪಳದ ಸ್ಟೇಶನ್ ರಸ್ತೆಯಲ್ಲಿ ಹೇಳದವರಿಲ್ಲ. ಜೋರಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಹಾಗೆ ಹೇಳಿ ಹಲ್ಲು ಕಿರಿಯುವವರನ್ನು ಕಂಡರೆ ಮೈ ಉರಿಯುತ್ತದೆ. ಆ ಬಾಯಿ ಇಲ್ಲದೆ ಹೋಗಿದ್ದರೆ ಅವಳ ಗಂಡ ಯಮನೂರಪ್ಪ, ಇರುವೆಯನ್ನೂ ದಾಟಿಕೊಂಡು ಹೋಗುವ ಮನುಷ್ಯ, ಹತ್ತಿ ಗೋದಾಮಿಗೆ ಬೆಂಕಿ ಹಚ್ಚಿದವ ಅನ್ನಿಸಿಕೊಂಡು ಕಲಬುರ್ಗಿ ಜೇಲಿನಲ್ಲಿ ಕೊಳೆಯುತ್ತಿದ್ದ. ಅದನ್ನು ಯಾರೂ ಹೇಳುವುದಿಲ್ಲ.

ಅವಳು ಹುಟ್ಟಿದ್ದು ತಳಕಲ್ಲಿನಲ್ಲಿ, ಕುರಿ ಕಾಯುವವರ ಮನೆಯಲ್ಲಿ. ನಾಲ್ಕು ಅಣ್ಣತಮ್ಮಂದಿರ ನಡುವೆ ಒಬ್ಬಳೇ ಹೆಣ್ಣು. ರೊಟ್ಟಿ ಬುಟ್ಟಿಗೆ ಮೊದಲು ಕೈ ಹಾಕುವುದನ್ನೂ ಸುಮ್ಮನೆ ಬಿಟ್ಟುಕೊಡದಿರುವುದನ್ನೂ ಅಲ್ಲೇ ಕಲಿತಳು. ಹುಲಿಹೈದರದ ಯಮನೂರಪ್ಪನಿಗೆ ಕೊಟ್ಟು ಮದುವೆ ಮಾಡಿದರು. ಅವನೋ, ಕರೆದರೆ ಬಂದ, ಕೂಡು ಅಂದರೆ ಕೂತ. ಮಕ್ಕಳನ್ನು ಕಟ್ಟಿಕೊಂಡು ಇಬ್ಬರೂ ಕೂಲಿ ಹುಡುಕುತ್ತ ಕೊಪ್ಪಳಕ್ಕೆ ಬಂದು, ಹತ್ತಿಯ ಬೀಜ ಬಿಡಿಸುವ ದೊಡ್ಡಬಸಪ್ಪ ಸಾವಕಾರನ ಜಿನ್ನಿನಲ್ಲಿ ಸೇರಿದರು. ಅವನು ಕಾವಲಿಗೆ. ಅವಳು, ಜಿನ್ನಿನಿಂದ ಉದುರುವ ಅರಳೆಯನ್ನು ಬುಟ್ಟಿಗೆ ತುಂಬಿ ಗೋದಾಮಿಗೆ ಹೊರುವುದಕ್ಕೆ. ಸಾವಕಾರ ಮಧ್ಯಾಹ್ನದ ಊಟದ ಹೊತ್ತನ್ನು ಮೊಟಕು ಮಾಡಿದ ದಿನ ಉಳಿದ ಹೆಂಗಸರು ತಲೆ ತಗ್ಗಿಸಿ ಎದ್ದರು. ಭೀಮಕ್ಕ ಏಳಲಿಲ್ಲ. "ಹತ್ತಿ ಎಲ್ಲಿಗೂ ಓಡಿ ಹೋಗೂದಿಲ್ರಿ ಸಾವಕಾರ್ರ. ರೊಟ್ಟಿ ಗಂಟಲಾಗ ಇಳೀಲಿ," ಅಂದಳು. ಅಂದಿನಿಂದ ಸಾವಕಾರನಿಗೆ ಅವಳೆಂದರೆ ಕಣ್ಣಿನ ಕಸ.

ದೊಡ್ಡ ಲಡಾಯಿ ಶುರುವಾದ ವರ್ಷ ಆ ಗೋದಾಮಿಗೊಂದು ಗಂಟೆ ಬಂತು. ವಿಮಾ ಕಂಪನಿಯವರು ಹಟ ಹಿಡಿದು ಹಾಕಿಸಿದ್ದು. ಮುಂಬಯಿಯಿಂದ ಒಬ್ಬ ಫಿಟ್ಟರ್ ಬಂದು ಬಾಗಿಲ ಪಕ್ಕದ ಗೋಡೆಗೆ ಹಲಗೆ ಬಡಿದು, ಅದರ ಮೇಲೆ ಗೇಣುದ್ದದ ಒಂದು ಪಟ್ಟಿ ತೂಗುಹಾಕಿದ. ಪಟ್ಟಿ ಒಂದೇ, ಲೋಹ ಎರಡು. ಒಂದು ಮೈ ಹಿತ್ತಾಳೆ, ಇನ್ನೊಂದು ಮೈ ಕಬ್ಬಿಣ. ಎರಡನ್ನೂ ಬೆನ್ನಿಗೆ ಬೆನ್ನು ಕೂಡಿಸಿ ಬಿಡದ ಹಾಗೆ ರಿವೆಟ್ಟು ಬಡಿದಿದ್ದರು. ಹಿತ್ತಾಳೆ ಗೋಡೆಯ ಕಡೆ, ಕಬ್ಬಿಣ ನಮ್ಮ ಕಡೆ. ಮೇಲಿನ ತುದಿ ಬಿಗಿ, ಕೆಳಗಿನ ತುದಿ ಸಡಿಲು. ಆ ಸಡಿಲು ತುದಿಯ ಮುಂದೆ, ಜೋಳದ ಕಾಳಿನಷ್ಟು ದೂರದಲ್ಲಿ, ಒಂದು ಸಣ್ಣ ಮೊಳೆ. ಗೋದಾಮಿನಲ್ಲಿ ಕಾವು ಏರಿತೆಂದರೆ ಪಟ್ಟಿ ಮುಂದಕ್ಕೆ ಬಾಗಿ ಮೊಳೆಗೆ ತಾಗಬೇಕು. ತಾಗಿದರೆ, ಮೂಲೆಯ ಗಾಜಿನ ಜಾಡಿಗಳಲ್ಲಿ ನವಸಾಗರದ ನೀರು ತುಂಬಿ ಮಾಡಿದ ಬ್ಯಾಟರಿಯಿಂದ ತಂತಿಯಲ್ಲಿ ಕರೆಂಟು ಹರಿದು ಅಂಗಳದ ಗಂಟೆ ಹೊಡೆದುಕೊಳ್ಳಬೇಕು. ನಮ್ಮ ಕಡೆಯ ಬೇಸಿಗೆಗೆ ಹೊಡೆಯಬಾರದು, ಬೆಂಕಿಗೆ ಹೊಡೆಯಲೇಬೇಕು. ಮೊಳೆಯ ದೂರವನ್ನು ಅಷ್ಟು ನೋಡಿಯೇ ಇಟ್ಟಿದ್ದ.

ಫಿಟ್ಟರ್ ಯಮನೂರಪ್ಪನಿಗೆ ಒಂದೇ ಕೆಲಸ ಹೇಳಿಕೊಟ್ಟ. ಹತ್ತಿಯ ಗೋದಾಮಿನೊಳಗೆ ಗಂಟೆ ಪರೀಕ್ಷೆಗೂ ದೀಪ ತರಕೂಡದು. ಪ್ರತಿ ಸೋಮವಾರ ಒಂದು ಚೆಂಬಿನಲ್ಲಿ ಕುದಿಯುವ ನೀರು ತಂದು ಚೆಂಬನ್ನು ಪಟ್ಟಿಗೆ ಒತ್ತಿ ಹಿಡಿಯಬೇಕು. ಗಂಟೆ ಹೊಡೆದರೆ ಎಲ್ಲ ಸರಿ, ಹೊಡೆಯದಿದ್ದರೆ ಸಾವಕಾರನಿಗೆ ತಿಳಿಸಬೇಕು. ಯಮನೂರಪ್ಪ ಮನೆಯ ಚೆಂಬು ತಂದು ಒಂದು ಸೋಮವಾರವೂ ತಪ್ಪಿಸದೆ ಒತ್ತಿ ಹಿಡಿದ. ಗಂಟೆ ಹೊಡೆದಾಗ ಹೆಂಗಸರು ಕಿವಿ ಮುಚ್ಚಿಕೊಂಡು ನಗುತ್ತಿದ್ದರು.

ಮರುವರ್ಷದ ದೀಪಾವಳಿ. ಹತ್ತಿಯೇ ಲಕ್ಷ್ಮಿ ಎಂದು ಸಾವಕಾರನ ಮನೆಯವರು ಗೋದಾಮಿನಲ್ಲೇ ಪೂಜೆ ಇಟ್ಟುಕೊಂಡರು. ಸಾವಕಾರನ ತಾಯಿ ವಿರೂಪಾಕ್ಷಮ್ಮ ಕೈಯಾರೆ ಕಳಸ ಇಟ್ಟು, ತಲೆ ಎತ್ತಿ ನೋಡಿದರೆ ನೇರ ಎದುರಿಗೇ ಕಪ್ಪು ಕಬ್ಬಿಣದ ಪಟ್ಟಿ. ಮುದುಕಿ ಹಿಂದೆ ಸರಿದಳು. "ಲಕ್ಷ್ಮೀ ಎದುರಿಗೆ ಶನಿ ನಿಂದರಸೀರೇನಪಾ? ಆ ಕಡೆ ಬಂಗಾರದಂಥ ಹಿತ್ತಾಳಿ ಐತಿ. ಅದನ್ನ ಗ್ವಾಡಿಗೆ ತೋರಿಸಿ, ಕಬ್ಬಿಣ ದೇವರಿಗೆ ತೋರಸ್ತೀರೇನು? ತಿರುವಿ ಹಾಕ್ರಿ," ಅಂದಳು. ಪಾಪ, ಅವಳಿಗೇನು ಗೊತ್ತು. ಮನೆಯಲ್ಲಿ ಹೊಸ ಪಾತ್ರೆ ತಂದರೂ ಬೆಳಗುವ ಮುಖ ಮುಂದಿಡುವ ಹೆಂಗಸು. ಸಾವಕಾರ ಮಿಸ್ತ್ರಿ ಓಬಳೆಪ್ಪನಿಗೆ ಕಣ್ಣಸನ್ನೆ ಮಾಡಿದ. ಓಬಳೆಪ್ಪ ಎರಡು ತಿರುಪು ಬಿಚ್ಚಿ, ಪಟ್ಟಿ ತಿರುವಿ, ಮತ್ತೆ ಬಿಗಿದ. ಹಿತ್ತಾಳೆ ಮುಂದೆ ಬಂತು, ಕಬ್ಬಿಣ ಗೋಡೆಯ ಕಡೆ ಹೋಯಿತು. ಭೀಮಕ್ಕನಿಗೇ ಹುಣಸೆಹಣ್ಣು ಕೊಟ್ಟು ಉಜ್ಜಲು ಹೇಳಿದರು. ಉಜ್ಜಿದಳು, ಫಳಫಳ ಹೊಳೆಯಿತು. ವಿರೂಪಾಕ್ಷಮ್ಮ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಜಿನ್ನಿನ ಮಂದಿಗೆಲ್ಲ ಕರ್ಚಿಕಾಯಿ ಹಂಚಿದಳು.

ಅದರ ಮುಂದಿನ ಸೋಮವಾರ ಯಮನೂರಪ್ಪ ಚೆಂಬು ಒತ್ತಿ ಹಿಡಿದ. ಗಂಟೆ ಹೊಡೆಯಲಿಲ್ಲ. ಮತ್ತೆ ನೀರು ಕಾಯಿಸಿ ತಂದು ಹಿಡಿದ. ಇಲ್ಲ. ಓಡಿ ಹೋಗಿ ಸಾವಕಾರನನ್ನು ಕರೆತಂದ. ಸಾವಕಾರ ಬಂದು ಕಣ್ಣಾರೆ ನೋಡಿದ. ಇದನ್ನು ಮರೆಯಬೇಡಿ: ಕಣ್ಣಾರೆ ನೋಡಿದ. ಆಮೇಲೆ ಗಂಟೆಯ ಮಾತು ಬಿಟ್ಟು ಚೆಂಬಿನ ಮಾತು ತೆಗೆದ. "ಪೂಜಿ ಆದ ಲಕ್ಷ್ಮೀಗೆ ನಿನ್ನ ಎಂಜಲು ಚೆಂಬು ಮುಟ್ಟಸ್ತೀಯಲ್ಲೋ, ಬುದ್ಧಿ ಐತೋ ಇಲ್ಲೋ? ಇನ್ನ ಮ್ಯಾಲ ಅದನ್ನ ಮುಟ್ಟಬ್ಯಾಡ. ಮುಂಬಯಿಗೆ ಬರಸ್ತೀನಿ, ಫಿಟ್ಟರ್ ಬಂದು ನೋಡತಾನ."

ಯಾರೂ ಮುಂಬಯಿಗೆ ಬರೆಯಲಿಲ್ಲ. ಹತ್ತಿಯ ಹಂಗಾಮು, ಗಾಡಿಗಳ ಸಾಲು ರೈಲ್ವೆ ಗೇಟಿನವರೆಗೆ ನಿಂತಿತ್ತು. ಎರಡು ಸಲ ಯಮನೂರಪ್ಪ ನೆನಪು ಮಾಡಿದ, ಎರಡು ಸಲವೂ ಬೈಸಿಕೊಂಡ. ಮೂರನೆಯ ಸಲ ಭೀಮಕ್ಕನೇ ಕೇಳಿದಳು. "ಹೆಂಗಸು ಹೆಂಗಸಿನಂಗ ಇರು," ಅಂದ ಸಾವಕಾರ.

ಬೆಂಕಿ ಬಿದ್ದದ್ದು ಹೋಳಿ ಮುಗಿದ ಮೇಲೆ, ಉರಿ ಮಧ್ಯಾಹ್ನದಲ್ಲಿ. ಹತ್ತಿಯಲ್ಲಿ ಸೇರಿದ್ದ ಯಾವುದೋ ಕಲ್ಲು ಜಿನ್ನಿಗೆ ಸಿಕ್ಕು ಕಿಡಿ ಹಾರಿರಬೇಕು. ಕಿಡಿ ಅರಳೆಯೊಳಗೆ ಹೊಗೆಯಾಡುತ್ತಲೇ ಬುಟ್ಟಿಯಲ್ಲಿ ಕೂತು ಗೋದಾಮಿಗೆ ಹೋಗಿರಬೇಕು. ಜಿನ್ನುಗಳಲ್ಲಿ ಆಗುವುದೇ ಹೀಗೆ. ಹೆಂಗಸರು ಬೇವಿನ ನೆರಳಲ್ಲಿ ರೊಟ್ಟಿ ಬಿಚ್ಚಿದ್ದರು. ಒಳಗೆ ಗೋದಾಮಿನ ಹಿಂಗೋಡೆ ಕೆಂಡವಾಗುತ್ತಿದ್ದರೂ ಗಂಟೆ ಮಾತಾಡಲಿಲ್ಲ. ಬೆಳಕಿಂಡಿಯಿಂದ ಕರಿ ಹೊಗೆ ಬಂದಾಗ ಮೊದಲು ಕಂಡವನು ಯಮನೂರಪ್ಪ. ಒಳಗೆ ಹುಲಗೆಮ್ಮ ಎಂಬ ಮುದುಕಿ ತಂಪಿಗೆಂದು ಅರಳೆ ಮೇಲೆ ಮಲಗಿದ್ದಳು. ಅವನು ನುಗ್ಗಿ ಅವಳನ್ನು ಎತ್ತಿಕೊಂಡು ಬಂದ. ಉರಿಯುವ ಹತ್ತಿಯ ಅಂಡಿಗೆಗಳನ್ನು, ಆ ದೊಡ್ಡ ಮೂಟೆಗಳನ್ನು, ಬರಿಗೈಯಲ್ಲಿ ಎಳೆದು ಹೊರಗೆ ಹಾಕಿದ. ಎರಡೂ ಅಂಗೈ ಬೆಂದವು. ಊರ ಮಂದಿ ಬಾವಿಯಿಂದ ಸಾಲು ಹಿಡಿದು ನೀರು ಸುರಿದು ಬಾಗಿಲ ಕಡೆಯ ಅರ್ಧ ಗೋದಾಮು ಉಳಿಸಿದರು.

ಇಷ್ಟು ಮಾಡಿದವನನ್ನು ಏನು ಮಾಡಬೇಕು? ಸಾವಕಾರ ಅದೇ ಸಂಜೆ ಪೊಲೀಸ್ ಠಾಣೆಯ ಅಮೀನ ಸಾಹೇಬನ ಮುಂದೆ ಫಿರ್ಯಾದಿ ಕೊಟ್ಟ: ಕಾವಲುಗಾರ ಯಮನೂರಪ್ಪ ಗೋದಾಮಿನಲ್ಲಿ ಬೀಡಿ ಸೇದಿ ಬೆಂಕಿ ಹಚ್ಚಿದ, ಗೊತ್ತಾಗಬಾರದೆಂದು ಗಂಟೆಯ ತಂತಿ ಕಿತ್ತ. ತಪ್ಪು ಕಾವಲುಗಾರನ ತಲೆಗೆ ಹೋದರೆ ವಿಮೆಯ ಹಣ ಸಾವಕಾರನ ಕೈಗೆ. ಬೀಡಿಯನ್ನು ಜನ್ಮದಲ್ಲಿ ಬಾಯಿಗಿಡದ ಮನುಷ್ಯ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರಲ್ಲ, ಆ ಮಾತು ಹುಟ್ಟಿದ್ದೇ ಇಂಥವರನ್ನು ನೋಡಿ. ಕೈಗೆ ಎಣ್ಣೆ ಸುಣ್ಣ ಹಚ್ಚಿಸಿಕೊಳ್ಳುತ್ತಿದ್ದವನನ್ನು ಜವಾನರು ಎಬ್ಬಿಸಿಕೊಂಡು ಹೋಗಿ ಠಾಣೆಯಲ್ಲಿ ಕೂಡಿಹಾಕಿದರು.

ಭೀಮಕ್ಕ ಆ ರಾತ್ರಿ ಒಲೆ ಹಚ್ಚಲಿಲ್ಲ. ಬೆಳಿಗ್ಗೆ ಓಬಳೆಪ್ಪನ ಮನೆ ಬಾಗಿಲಿಗೆ ಹೋದಳು. "ಅಣ್ಣಾ, ತಂತಿ ಕಿತ್ತಿಲ್ಲಂತ ನಿನಗ ಗೊತ್ತೈತಿ. ಗಂಟಿ ದೀಪಾವಳಿಂದ ಹೊಡದಿಲ್ಲಂತಾನೂ ಗೊತ್ತೈತಿ. ಅಷ್ಟ ಹೇಳು, ಸಾಕು," ಅಂದಳು. ಓಬಳೆಪ್ಪ ನೆಲ ನೋಡಿದ. "ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡವಾ ತಂಗಿ," ಅಂದ. ಜಿನ್ನಿನ ಹೆಂಗಸರನ್ನು ಕೇಳಿದಳು. ಗಂಟೆಯ ಸದ್ದಿಗೆ ಕಿವಿ ಮುಚ್ಚಿಕೊಂಡು ನಗುತ್ತಿದ್ದವರು ಈಗ ಬಾಯಿ ಮುಚ್ಚಿಕೊಂಡರು. ಅವರನ್ನು ಬೈಯುವುದು ಸುಲಭ. ಭೀಮಕ್ಕ ಬೈದಳು, ಸರಿಯಾಗಿಯೇ ಬೈದಳು. ಆದರೆ ಅವರ ಮನೆಯ ಒಲೆಗೂ ಸಾವಕಾರನೇ ಕಟ್ಟಿಗೆ.

ವಿಮಾ ಕಂಪನಿಯ ಸಾಹೇಬ ಸಿಕಂದರಾಬಾದಿನಿಂದ ಬಂದ. ತೆಳ್ಳನೆಯ ಮನುಷ್ಯ, ಯಾರ ಮನೆಯ ಚಹವನ್ನೂ ಕುಡಿಯಲಿಲ್ಲ. ಸಾವಕಾರ ಅವನ ಹಿಂದೆಯೇ ಸುತ್ತಿ, ಯಮನೂರಪ್ಪನ ದಗಾಕೋರತನವನ್ನು ಬಣ್ಣಿಸಿದ. ಸಾಹೇಬ ತಂತಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದ. ಎಲ್ಲೂ ಕಿತ್ತಿರಲಿಲ್ಲ. ಜಾಡಿಗಳಲ್ಲಿ ನೀರಿತ್ತು. ಪಟ್ಟಿಯ ಮಸಿ ಒರೆಸಿ ನೋಡಿದ, ಬೆರಳಿನಿಂದ ಒತ್ತಿ ಮೊಳೆಗೆ ತಾಗಿಸಿದ. ಗಂಟೆ ಜೋರಾಗಿ ಹೊಡೆಯಿತು. ಅಂಗಳದಲ್ಲಿ ನಿಂತವರೆಲ್ಲ ಬೆಚ್ಚಿದರು. ಬ್ಯಾಟರಿ ಸರಿ, ತಂತಿ ಸರಿ, ಗಂಟೆ ಸರಿ. ಹಾಗಾದರೆ ಬೆಂಕಿಗೆ ಯಾಕೆ ಹೊಡೆಯಲಿಲ್ಲ?

ಸಾಹೇಬ ಎದುರಿನ ಚಹದಂಗಡಿಯಿಂದ ಕುದಿಯುವ ನೀರು ತರಿಸಿ ಕಿಟ್ಲಿಯನ್ನು ಪಟ್ಟಿಗೆ ಒತ್ತಿ ಹಿಡಿದ. ಭೀಮಕ್ಕ ಮಂದಿಯನ್ನು ಸರಿಸಿ ಮುಂದೆ ಹೋಗಿ ನಿಂತಳು. ಪಟ್ಟಿ ನಿಧಾನವಾಗಿ ಬಾಗತೊಡಗಿತು. ಮೊಳೆಯ ಕಡೆಗಲ್ಲ, ಗೋಡೆಯ ಕಡೆಗೆ. ಕಾವು ಏರಿದಷ್ಟೂ ಮೊಳೆಯಿಂದ ದೂರ ಸರಿಯಿತು. ಬೆಂಕಿ ಹೆಚ್ಚಾದಷ್ಟೂ ಗಂಟೆ ದೂರ.

ಅದರ ಗುಟ್ಟು ದೊಡ್ಡದೇನೂ ಅಲ್ಲ. ಕಾವಿಗೆ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಕಬ್ಬಿಣ ಕಡಿಮೆ. ಒಂದಕ್ಕೊಂದು ರಿವೆಟ್ಟು ಬಡಿದ ಮೇಲೆ ಹಿತ್ತಾಳೆ ತಾನೊಂದೇ ಮುಂದೆ ಹೋಗಲಾರದು, ಕಬ್ಬಿಣ ಹಿಂದೆ ಉಳಿಯಲಾರದು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ದೊಡ್ಡ ಹೆಜ್ಜೆ ಹಾಕಿ ಇನ್ನೊಂದು ಸಣ್ಣ ಹೆಜ್ಜೆ ಹಾಕಿದರೆ ಬಂಡಿ ಯಾವ ಕಡೆ ಹೊರಳುತ್ತದೆ? ಸಣ್ಣ ಹೆಜ್ಜೆಯ ಎತ್ತಿನ ಕಡೆ. ಹಾಗೆ ಪಟ್ಟಿ ಯಾವಾಗಲೂ ಕಬ್ಬಿಣದ ಕಡೆಗೇ ಬಾಗುತ್ತದೆ. ಕಬ್ಬಿಣ ಮುಂದಿದ್ದಾಗ ಮೊಳೆಯ ಕಡೆ ಬಾಗಿ ಗಂಟೆ ಬಾರಿಸುತ್ತಿತ್ತು. ಹಿತ್ತಾಳೆ ಮುಂದೆ ಮಾಡಿ ಕಬ್ಬಿಣವನ್ನು ಗೋಡೆಗೆ ತಿರುಗಿಸಿದ ದಿನದಿಂದ ಅದು ಗೋಡೆಗೇ ಬಾಗುತ್ತಿತ್ತು.

ಇದನ್ನು ತಿರುಗಿಸಿದವರು ಯಾರು ಎಂದು ಸಾಹೇಬ ಕೇಳಿದ. ಸಾವಕಾರ ಕಣ್ಣು ಪಿಳುಕಿಸದೆ, ಮುಂಬಯಿಯ ಫಿಟ್ಟರ್ ಹಾಕಿದ್ದೇ ಹೀಗೆ ಅಂದ. ಸಾಹೇಬ ಓಬಳೆಪ್ಪನ ಕಡೆ ನೋಡಿದ. ಓಬಳೆಪ್ಪ ಹೆಗಲ ವಸ್ತ್ರ ತೆಗೆದು ಮುಖ ಒರೆಸಿಕೊಳ್ಳತೊಡಗಿದ.

"ಸುಳ್ಳು," ಅಂದಳು ಭೀಮಕ್ಕ. "ದೀಪಾವಳಿ ದಿನ ಪೂಜಿಯೊಳಗ ತಿರುವಿಸ್ಯಾರ್ರಿ. ಇಲ್ಲಿ ನಿಂತವರು ಎಲ್ಲಾರೂ ನೋಡ್ಯಾರ, ಕರ್ಚಿಕಾಯಿ ತಿಂದಾರ. ಉಜ್ಜಿದಾಕಿ ನಾನ."

"ಕಳ್ಳನ ಹೇಣತಿ ಅದಾಳ್ರಿ ಇಕಿ. ಗಂಡನ್ನ ಬಿಡಸ್ಕೊಳ್ಳಾಕ ಏನರ ಹೇಳತಾಳ," ಅಂದ ಸಾವಕಾರ.

ಕಳ್ಳನ ಹೆಂಡತಿ. ಬೆಂದ ಅಂಗೈ ಮಡಿಲಲ್ಲಿಟ್ಟುಕೊಂಡು ಠಾಣೆಯಲ್ಲಿ ಕೂತವನು ಕಳ್ಳ. ಭೀಮಕ್ಕ ಅಲ್ಲಿಂದ ಹೊರಟಳು. ಜಿನ್ನಿನ ಹಿಂದೆಯೇ ಸಾವಕಾರನ ಮನೆ. ನೇರ ಹೋಗಿ ಪಡಸಾಲೆಯ ಮುಂದೆ ನಿಂತಳು. ವಿರೂಪಾಕ್ಷಮ್ಮ ಹತ್ತಿ ಬತ್ತಿ ಹೊಸೆಯುತ್ತಿದ್ದಳು.

"ಅವ್ವಾರ, ದೀಪಾವಳಿಗೆ ಆ ಪಟ್ಟಿ ತಿರುವಿ ಹಾಕ್ರಿ ಅಂತ ಹೇಳಿದ್ರಿಲ್ಲ, ಅದನ್ನ ಬಂದು ಹೇಳ್ರಿ. ಮತ್ತೇನೂ ಬ್ಯಾಡ. ನಮ್ಮ ಮನಿಯವರು ಠಾಣೇದಾಗ ಅದಾರ."

"ಹೇಳಿದ್ದೆ ಖರೆ. ಅದಕ್ಕೇನಾತವಾ?" ಅಂದಳು ಮುದುಕಿ.

ಆಳಿನ ಹೆಂಡತಿಯಾದ ಭೀಮಕ್ಕನ ಹೆಗಲ ಮೇಲೆ ಕೈಯಿಟ್ಟುಕೊಂಡು ವಿರೂಪಾಕ್ಷಮ್ಮ ಅಷ್ಟು ಮಂದಿಯ ಮುಂದೆ ಬಂದಳು. ಮಗ ಕಣ್ಣು ಬಿಟ್ಟ, ಕೆಮ್ಮಿದ, "ಅವ್ವಾ, ಬಿಸಲಾಗ ಯಾಕ ಬಂದಿ, ಒಳಗ ನಡಿ," ಅಂದ. ಅವಳು ಕೇಳಲಿಲ್ಲ. "ಕಬ್ಬಿಣ ಎದುರಿಗೆ ಬ್ಯಾಡಂತ ನಾನ ಹೇಳಿದ್ದೆರಿ. ಓಬಳೆಪ್ಪ ತಿರುವಿದ. ತಪ್ಪಾತೇನ್ರಿ?" ಎಂದು ಸಾಹೇಬನನ್ನೇ ಕೇಳಿದಳು. ಸಾಹೇಬ ಪಟ್ಟಿ ಬಾಗಿದ್ದನ್ನು ಅವಳಿಗೂ ತೋರಿಸಿದ. ಮುದುಕಿ ಸುಟ್ಟ ಗೋದಾಮನ್ನು ನೋಡಿದಳು, ಪಟ್ಟಿಯನ್ನು ನೋಡಿದಳು, ಅಲ್ಲೇ ಕಲ್ಲಿನ ಮೇಲೆ ಕುಸಿದಳು. ಆಮೇಲೆ ಓಬಳೆಪ್ಪನೂ ಬಾಯಿ ಬಿಟ್ಟ. ಗಂಟೆ ಹೊಡೆಯುತ್ತಿಲ್ಲ ಎಂದು ಯಮನೂರಪ್ಪ ತಿಳಿಸಿದ್ದು, ಸಾವಕಾರ ಬಂದು ನೋಡಿದ್ದು, ಚೆಂಬು ಮುಟ್ಟಿಸಬೇಡ ಎಂದು ಗದರಿದ್ದು, ಒಂದೊಂದೇ ಹೊರಗೆ ಬಿತ್ತು. ಕಂಪನಿ ಹಾಕಿಸಿದ ಗಂಟೆಯನ್ನು ಮಾಲೀಕನೇ ಕೆಡಿಸಿಟ್ಟಿದ್ದರೆ ಪರಿಹಾರ ಸಿಗುವುದಿಲ್ಲ ಎಂದು ಹೇಳಿ ಸಾಹೇಬ ಮಧ್ಯಾಹ್ನದ ರೈಲು ಹತ್ತಿದ.

ಇನ್ನೇನು, ಕಥೆ ಮುಗಿಯಿತು ಅಂದುಕೊಂಡಿರಿ. ಭೀಮಕ್ಕನೂ ಹಾಗೇ ಅಂದುಕೊಂಡು ಠಾಣೆಗೆ ಹೋದಳು. ಅಮೀನ ಸಾಹೇಬ ಬೀಗ ತೆಗೆಸಿ, "ಹೋಗೋ, ನಿನ್ನ ನಸೀಬು ಛಲೋ ಐತಿ. ಸಾವಕಾರ್ರು ನಿನ್ನ ಮಾಫ್ ಮಾಡ್ಯಾರ, ಫಿರ್ಯಾದಿ ಹಿಂದಕ್ಕ ತಗೊಂಡಾರ. ಅವರ ಕಾಲಿಗೆ ಬಿದ್ದು ಕೆಲಸಕ್ಕ ಹೋಗು," ಅಂದ.

ನೋಡಿದಿರಾ ಇವರ ದೊಡ್ಡತನ. ಯಮನೂರಪ್ಪನನ್ನು ಜೇಲಿಗೆ ಕಳಿಸಿ ಇನ್ನು ಲಾಭವಿಲ್ಲ ಎಂದಾದ ಮೇಲೆ ಕರುಣೆ ಹುಟ್ಟಿತು. ತಪ್ಪು ಮಾಡಿದವನು ಕ್ಷಮಿಸುವವನಾದ, ಅಂಗೈ ಸುಟ್ಟುಕೊಂಡವನು ಕ್ಷಮೆ ಪಡೆಯುವವನಾದ.

ಯಮನೂರಪ್ಪ ಒಂದು ಕಾಲು ಹೊಸ್ತಿಲಾಚೆ ಇಟ್ಟಿದ್ದ. "ಹೊರಗ ಬರಬ್ಯಾಡ. ಒಳಗ ಕುಂದರು," ಅಂದಳು ಭೀಮಕ್ಕ.

"ಏನಂದಿ?" ಎಂದು ಅಮೀನ ಕುರ್ಚಿಯಿಂದ ಎದ್ದ.

"ಮಾಫಿ ಅಂದ್ರ ತಪ್ಪು ಮಾಡ್ಯಾನಂತ ಆತಿಲ್ರಿ ಸಾಹೇಬ್ರ. ನಾಳೆ ಊರಾಗ ಏನಂತಾರ? ಬೆಂಕಿ ಹಚ್ಚಿದ್ದ, ಸಾವಕಾರ ದೊಡ್ಡ ಮನಸ್ಸು ಮಾಡಿ ಬಿಟ್ಟ ಅಂತಾರ. ನನ್ನ ಮಕ್ಕಳು ಅದನ್ನ ಕೇಳಬೇಕು. ಅವನ ತಪ್ಪಿಲ್ಲ, ಕಸೂರಿಲ್ಲಂತ ಸಾವಕಾರ್ರು ಇಲ್ಲಿ ಬಂದು ನಾಕು ಮಂದಿ ಮುಂದ ಹೇಳಲಿ. ಆಮ್ಯಾಲ ಬರತಾನ."

ಯಮನೂರಪ್ಪ ಹೆಂಡತಿಯ ಮುಖ ನೋಡಿದ, ತೆರೆದ ಬಾಗಿಲು ನೋಡಿದ. ಮನೆಗೆ ಹೋಗಬೇಕೆಂಬ ಆಸೆ ಅವನ ಕಣ್ಣಲ್ಲಿ ತುಂಬಿತ್ತು. ಕೈ ಉರಿಯುತ್ತಿತ್ತು, ನಿದ್ದೆಯಿಲ್ಲದೆ ಮುಖ ಬಾಡಿತ್ತು. "ಆಕಿ ಹೇಳೋದು ಖರೆ ಐತ್ರಿ," ಅಂದು ಕಾಲು ಒಳಗೆ ಎಳೆದುಕೊಂಡು ಮತ್ತೆ ಗೋಡೆಗೊರಗಿ ಕೂತ. ಜೀವಮಾನದಲ್ಲಿ ಅವನು ಹಿಡಿದ ಹಟ ಅದೊಂದೇ.

ಅಮೀನನಿಗೆ ಪೇಚಾಟ. ಒಳಗಿಟ್ಟುಕೊಳ್ಳಲು ಫಿರ್ಯಾದಿ ಇಲ್ಲ, ಹೊರಗೆ ಹಾಕಲು ಮನುಷ್ಯ ಏಳುವುದಿಲ್ಲ. "ಇದೇನು ಧರ್ಮಶಾಲಿ ಮಾಡಿರೇನು?" ಎಂದು ಕೂಗಾಡಿದ. ಎಳೆದು ಹಾಕಿಸುತ್ತಿದ್ದನೋ ಏನೋ, ಅಷ್ಟರಲ್ಲಿ ಸಂಜೆ ಜಿನ್ನು ಬಿಟ್ಟು, ಹೆಂಗಸರು ಒಬ್ಬೊಬ್ಬರಾಗಿ ಬಂದು ಠಾಣೆಯ ಕಟ್ಟೆಯ ಮೇಲೆ ಕೂತರು. ಮೊದಲು ಬಂದವಳು ಮುದುಕಿ ಹುಲಗೆಮ್ಮ. ಕತ್ತಲಾದರೂ ಅವರು ಏಳಲಿಲ್ಲ. ಮರುದಿನ ಬೆಳಿಗ್ಗೆ ಜಿನ್ನಿಗೂ ಹೋಗಲಿಲ್ಲ. ಇಂಜಿನ್ನು ಸುಮ್ಮನೆ ನಿಂತಿತು, ಗಾಡಿಯವರು ಗಲಾಟೆ ಎಬ್ಬಿಸಿದರು. ಆಗ ಅಮೀನ ಸಾವಕಾರನಿಗೆ ಹೇಳಿಕಳಿಸಿದ.

ಸಾವಕಾರ ಟಾಂಗಾದಲ್ಲಿ ಬಂದ. ರುಮಾಲು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ, "ಯಮನೂರಪ್ಪಂದು ಕಸೂರಿಲ್ಲ," ಎಂದು ಗೊಣಗಿದ.

"ಕೇಳಸಲಿಲ್ರಿ," ಅಂದಳು ಭೀಮಕ್ಕ.

ಮತ್ತೆ ಅಂದ. ಈ ಸಲ ಕಟ್ಟೆಯ ಮೇಲಿದ್ದವರಿಗೂ ಕೇಳಿಸಿತು. ಯಮನೂರಪ್ಪ ಎದ್ದು ಹೊರಗೆ ಬಂದ. ಸಾವಕಾರ ಟಾಂಗಾ ಹತ್ತುತ್ತ, "ಇನ್ನರ ಸಮಾಧಾನ ಆತಿಲ್ಲ? ನಾನೂ ಮನಸಿನಾಗ ಏನೂ ಇಟ್ಟುಕೊಂಡಿಲ್ಲ. ನೀನೂ ಮರತುಬಿಡು," ಅಂದ.

"ಮಾಫಿ ಕೊಡೋರು ನಾವ್ರಿ ಸಾವಕಾರ್ರ," ಅಂದಳು ಅವಳು. "ಕೊಡತೀವೋ ಇಲ್ಲೋ, ಇನ್ನೂ ವಿಚಾರ ಮಾಡಿಲ್ಲ."

ಅವರು ಮತ್ತೆ ಆ ಜಿನ್ನಿನ ಮೆಟ್ಟಿಲು ಹತ್ತಲಿಲ್ಲ. ಗಂಗಾವತಿ ಕಡೆಯ ಮರಳಿ ಎಂಬ ಊರಿಗೆ ಹೋಗಿ ಬತ್ತದ ಗದ್ದೆಗಳಲ್ಲಿ ದುಡಿದರು. ಯಮನೂರಪ್ಪನ ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಕುಡುಗೋಲು ಹಿಡಿಯಲಾಗುತ್ತಿರಲಿಲ್ಲ. ಅವನು ನೀರು ಕಟ್ಟುವ ಕೆಲಸ ಹಿಡಿದ, ನಾಟಿಯೂ ಕೊಯ್ಲೂ ಭೀಮಕ್ಕನ ಪಾಲಿಗೆ ಬಂದವು. ಅಲ್ಲಿಯೂ ಅವಳದು ಜೋರು ಬಾಯಿ ಎಂದೇ ಹೆಸರಾಯಿತು.

ಲಡಾಯಿ ಮುಗಿದ ಮರುವರ್ಷ ವಿರೂಪಾಕ್ಷಮ್ಮ ಲಿಂಗೈಕ್ಯಳಾದ ಸುದ್ದಿ ಬಂತು. ಭೀಮಕ್ಕ ಕೆಲಸ ಬಿಟ್ಟು ಕೊಪ್ಪಳಕ್ಕೆ ಹೊರಟಳು. ಪಡಸಾಲೆಯಲ್ಲಿ ವಿಭೂತಿ ಹಚ್ಚಿ, ಹೂ ಮುಡಿಸಿ ಕೂಡಿಸಿದ್ದ ಮುದುಕಿಯ ಮುಂದೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಸ್ವಂತ ಸೊಸೆಯಂದಿರೂ ಅಷ್ಟು ಅಳಲಿಲ್ಲ.

ಎದ್ದು ಬರುವಾಗ ದೊಡ್ಡಬಸಪ್ಪ ಬಾಗಿಲಲ್ಲಿ ನಿಂತಿದ್ದ. ಕೂದಲು ಬೆಳ್ಳಗಾಗಿತ್ತು, ಕಣ್ಣು ಕೆಂಪಾಗಿತ್ತು. ಸುತ್ತ ಯಾರಿಗೂ ಕೇಳಿಸದ ಹಾಗೆ, "ಇವತ್ತರ ಮಾಫಿ ಮಾಡಿದ್ಯೇನವಾ, ಭೀಮಕ್ಕ?" ಅಂದ. ಅವನ ಬಾಯಲ್ಲಿ ಅವಳ ಹೆಸರು ಬಂದದ್ದು ಅದೇ ಮೊದಲು.

"ಅವ್ವಾರಿಗೆ ಅವತ್ತ ಮಾಡೀನ್ರಿ," ಅಂದಳು ಭೀಮಕ್ಕ.

ಅವನು ಇನ್ನೂ ಒಂದು ಮಾತಿಗೆ ಕಾದು ನಿಂತ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅವನನ್ನು ದಾಟಿ, ಗಂಗಾವತಿಯ ಗಾಡಿ ನಿಲ್ಲುವ ಕಡೆ ನಡೆದಳು.